ಬಿಪಿಸಿ-157 ಬೇಕಾ, ಬೇರೆ ದಾರಿ ಸಾಕಾ? ಗಾಯ ವಾಸಿಗೆ ಇರುವ ಆಯ್ಕೆಗಳನ್ನು ತೂಗಿ ನೋಡೋಣ

"ಎರಡು ವಾರ ಬಿಪಿಸಿ ಹಾಕ್ಕೋ, ನೋವು ಹೋಗುತ್ತೆ ನೋಡು." ಜಿಮ್‌ಗೆ ಹೋಗುವವರ ಕಿವಿಗೆ ಈ ಮಾತು ಒಂದಲ್ಲ ಒಂದು ದಿನ ಬಿದ್ದೇ ಇರುತ್ತದೆ. ಬಿಪಿಸಿ ಅಂದರೆ ಬಿಪಿಸಿ-157, ಗಾಯ ಬೇಗ ವಾಸಿಯಾಗಲಿ ಅಂತ ಜನ ಚುಚ್ಚಿಕೊಳ್ಳುವ ಒಂದು ಪೆಪ್ಟೈಡ್, ಅಂದರೆ ಪ್ರೋಟೀನಿನ ಪುಟ್ಟ ತುಣುಕಿನಂಥ ವಸ್ತು. ಇನ್ನೊಬ್ಬರು ಅಂಥದ್ದೇ ಇನ್ನೊಂದು ಪೆಪ್ಟೈಡ್ ಟಿಬಿ-500 ಅಂತಾರೆ, ಮತ್ತೊಬ್ಬರು ಎರಡನ್ನೂ ಸೇರಿಸಿ ಅಂತಾರೆ. ಡಾಕ್ಟರ ಹತ್ತಿರ ಹೋದರೆ ಸ್ಟೀರಾಯ್ಡ್ ಅಥವಾ ಪಿಆರ್‌ಪಿ (ನಿಮ್ಮದೇ ರಕ್ತದ ಒಂದು ಭಾಗವನ್ನು ಚುಚ್ಚುವುದು), ಫಿಸಿಯೋ ಹತ್ತಿರ ಹೋದರೆ ಮೂರು ತಿಂಗಳ ವ್ಯಾಯಾಮ. ಇಷ್ಟೆಲ್ಲ ಕೇಳಿದ ಮೇಲೆ ಯಾವುದು ಸರಿ ಅಂತ ತಲೆ ಕೆಡುವುದು ಸಹಜ, ಅಲ್ವಾ?

ಇಲ್ಲಿ ಆ ಆಯ್ಕೆಗಳನ್ನೆಲ್ಲ ಒಂದೇ ತಕ್ಕಡಿಗೆ ಹಾಕಿ ನೋಡುತ್ತೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆವರೆಗೆ ಕಾಯಿಸುವುದಿಲ್ಲ. ಬಿಪಿಸಿ-157 ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿದೆ, ಮನುಷ್ಯರಲ್ಲಿ ಅದನ್ನು ಯಾರೂ ಇನ್ನೂ ಸರಿಯಾಗಿ ಪರೀಕ್ಷಿಸಿ ತೋರಿಸಿಲ್ಲ. ಅದನ್ನು ಗೇಲಿ ಮಾಡಬೇಕಾಗಿಲ್ಲ, ಹಾಗಂತ ಚುಚ್ಚಿಕೊಳ್ಳಲು ಆತುರವೂ ಬೇಡ.

ಮೊದಲು ಯಾವುದರಿಂದ ಅಳೆಯಬೇಕು?

"ಯಾವ ಪೆಪ್ಟೈಡ್ ಜಾಸ್ತಿ ಸ್ಟ್ರಾಂಗು?" ಅಂತಲೇ ಎಲ್ಲರೂ ಶುರು ಮಾಡುತ್ತಾರೆ. ಆ ಪ್ರಶ್ನೆಯಿಂದ ಏನೂ ಸಿಗುವುದಿಲ್ಲ. ನಾನು ಐದು ಪ್ರಶ್ನೆ ಇಟ್ಟುಕೊಳ್ಳುತ್ತೇನೆ.

ನಿಮ್ಮ ತೊಂದರೆ ಏನು? ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ನೋವು, ಕರುಳಿನ ಹುಣ್ಣು, ಚರ್ಮದ ಗಾಯ, ಮೂಳೆ ಸವೆತ ಬೇರೆ ಬೇರೆ ಕಾಯಿಲೆಗಳು. "ಹೀಲಿಂಗ್" ಅನ್ನೋ ಒಂದೇ ಪದದಲ್ಲಿ ಎಲ್ಲವನ್ನೂ ತುಂಬಿದರೆ ಮಾರುವವರಿಗೆ ಅನುಕೂಲ, ನಿಮಗಲ್ಲ.

ಎರಡನೆಯದು, ಯಾರ ಮೇಲೆ ಪರೀಕ್ಷೆ ಆಗಿದೆ? ಗಾಜಿನ ತಟ್ಟೆಯ ಜೀವಕೋಶ, ಇಲಿ, ಹತ್ತು ಜನ, ಇನ್ನೂರು ಜನ, ಪ್ಲಸೀಬೊ ಜೊತೆಗಾ, ಇಲ್ಲದೆಯಾ? ಪ್ಲಸೀಬೊ ಅಂದರೆ ಔಷಧಿಯೇ ಇಲ್ಲದ ಹುಸಿ ಚುಚ್ಚುಮದ್ದು ಅಥವಾ ಮಾತ್ರೆ. ನೋವಿನ ವಿಷಯದಲ್ಲಿ ಇದು ತುಂಬಾ ಮುಖ್ಯ. ನೋವು ತೀರಾ ಹೆಚ್ಚಾದಾಗಲೇ ನಾವು ಹೊಸ ಚಿಕಿತ್ಸೆ ಹುಡುಕುವುದು, ಹಾಗಾಗಿ ಆಮೇಲೆ ಅದು ತಾನಾಗಿ ಇಳಿದರೂ ಹೆಸರು ಬರುವುದು ಆ ಚಿಕಿತ್ಸೆಗೆ.

ಮೂರನೆಯದು, ಅಡ್ಡ ಪರಿಣಾಮ ಇದೆಯಾ ಅಂತ ಯಾರಾದರೂ ವರ್ಷಗಟ್ಟಲೆ ಕಾದು ನೋಡಿದ್ದಾರಾ? ನಾಲ್ಕನೆಯದು, ಸೀಸೆಯ ಮೇಲೆ ಬರೆದಿರುವುದೇ ಒಳಗೂ ಇದೆಯಾ? ಐದನೆಯದು, ದುಡ್ಡು, ಸಮಯ, ನಿಯಮ. ನೀವು ಸ್ಪರ್ಧೆಗಳಲ್ಲಿ ಭಾಗವಹಿಸುವವರಾದರೆ ಈ ಐದನೆಯದೇ ಮೊದಲನೆಯದಾಗುತ್ತದೆ.

ಬಿಪಿಸಿ-157

ಇದು 15 ಅಮೈನೋ ಆಮ್ಲಗಳ (ಪ್ರೋಟೀನನ್ನು ಕಟ್ಟುವ ಇಟ್ಟಿಗೆಗಳು) ಸಣ್ಣ ಸರಪಳಿ. ಮನುಷ್ಯರ ಜಠರರಸದಲ್ಲಿರುವ ಒಂದು ಪ್ರೋಟೀನಿನ ತುಣುಕು ಅಂತ ಇದನ್ನು ಕಂಡುಹಿಡಿದವರು ಹೇಳುತ್ತಾರೆ. ಸೀಸೆಯಲ್ಲಿ ಸಿಗುವುದು ಮಾತ್ರ ಲ್ಯಾಬಿನಲ್ಲಿ ಕಟ್ಟಿದ ಸಿಂಥೆಟಿಕ್ ಪೆಪ್ಟೈಡ್. ಕ್ರೊಯೇಷಿಯಾದ ಝಾಗ್ರೆಬ್ ವಿಶ್ವವಿದ್ಯಾಲಯದ ಪ್ರೆಡ್ರಾಗ್ ಸಿಕಿರಿಚ್ ಮತ್ತು ಅವರ ತಂಡ 1990ರ ದಶಕದ ಆರಂಭದಿಂದ ಇದರ ಬೆನ್ನು ಹತ್ತಿದ್ದಾರೆ. ಇಲಿಗಳ ಹಿಮ್ಮಡಿಯ ಅಕಿಲಿಸ್ ಟೆಂಡನ್ ಕತ್ತರಿಸಿ, ಮೊಣಕಾಲಿನ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಕತ್ತರಿಸಿ, ತೊಡೆಯ ಸ್ನಾಯು ಕತ್ತರಿಸಿ, ಹೊಟ್ಟೆಯಲ್ಲಿ ಹುಣ್ಣು ಮಾಡಿ ಬಿಪಿಸಿ ಕೊಟ್ಟು ನೋಡಿದ್ದಾರೆ. ಕೊಟ್ಟ ಇಲಿಗಳು ಕೊಡದ ಇಲಿಗಳಿಗಿಂತ ಬೇಗ, ಚೆನ್ನಾಗಿ ಚೇತರಿಸಿಕೊಂಡವು. ಒಂದಲ್ಲ, ಹತ್ತಾರು ಪ್ರಯೋಗಗಳಲ್ಲಿ ಹೀಗೇ ಆಗಿದೆ.

ಹೇಗೆ ಕೆಲಸ ಮಾಡುತ್ತದೆ ಅನ್ನುವುದಕ್ಕೂ ಸುಳಿವುಗಳಿವೆ. ಹೊಸ ರಕ್ತನಾಳ ಹುಟ್ಟಿಸುವ ವಿಇಜಿಎಫ್ ಎಂಬ ಪ್ರೋಟೀನಿನ ದಾರಿಯನ್ನು ಇದು ಚುರುಕು ಮಾಡುತ್ತದೆ, ರಕ್ತನಾಳ ಸಡಿಲಿಸುವ ನೈಟ್ರಿಕ್ ಆಕ್ಸೈಡ್ ವ್ಯವಸ್ಥೆಯಲ್ಲೂ ಕೈ ಆಡಿಸುತ್ತದೆ. ತೈವಾನಿನ ಇನ್ನೊಂದು ತಂಡ ಇಲಿ ಟೆಂಡನ್‌ನ ಜೀವಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ ನೋಡಿತು. ಬಿಪಿಸಿ ಹಾಕಿದಾಗ ಅವು ಜಾಸ್ತಿ ಓಡಾಡಿದವು, ಗ್ರೋತ್ ಹಾರ್ಮೋನ್ ಹಿಡಿಯುವ ರಿಸೆಪ್ಟರ್‌ಗಳೂ ಅವುಗಳಲ್ಲಿ ಹೆಚ್ಚಾದವು. ಟೆಂಡನ್‌ಗೆ ರಕ್ತ ಸಂಚಾರ ಕಡಿಮೆ, ಅದಕ್ಕೇ ಅದು ವಾಸಿಯಾಗಲು ಸತಾಯಿಸುತ್ತದೆ. ಹಾಗಾಗಿ ರಕ್ತನಾಳ ಬೆಳೆಸುವ ವಸ್ತು ಅಂದ ಕೂಡಲೇ ಆಸೆ ಹುಟ್ಟುವುದು ನ್ಯಾಯವೇ.

ಆದರೆ ಆ ಇಲಿಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಅದು ಎಳೆಯ, ಆರೋಗ್ಯವಂತ ಇಲಿ. ಅದರ ಟೆಂಡನ್ ನಿನ್ನೆವರೆಗೆ ಚೆನ್ನಾಗಿಯೇ ಇತ್ತು, ಇವತ್ತು ಬ್ಲೇಡಿನಿಂದ ನೇರವಾಗಿ ಕತ್ತರಿಸಿದ್ದಾರೆ. ಕತ್ತರಿಸಿದ ಅರ್ಧ ಗಂಟೆಯೊಳಗೆ ಔಷಧಿ ಶುರು. ಈಗ ನಿಮ್ಮ ಹಿಮ್ಮಡಿ ನೋಡಿಕೊಳ್ಳಿ. ಯಾರೂ ಅದನ್ನು ಕತ್ತರಿಸಿಲ್ಲ. ವರ್ಷಗಟ್ಟಲೆ ಹೊರೆ ಬಿದ್ದು, ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳ ಜೋಡಣೆ ಕೆಟ್ಟು, ಟೆಂಡನ್ ದಪ್ಪಗಾಗಿ, ನಿಧಾನವಾಗಿ ನೋವು ಕಾಣಿಸಿಕೊಂಡಿದೆ. ಇನ್ನೊಂದು ವಿಚಿತ್ರ ಏನಂದರೆ, ಇಂಥ ಹಳೆಯ ನೋವಿನ ಟೆಂಡನ್‌ಗಳಲ್ಲಿ ಬೇಡದ ಹೊಸ ರಕ್ತನಾಳಗಳು ಆಗಲೇ ಹುಟ್ಟಿಕೊಂಡಿರುತ್ತವೆ, ರಕ್ತದ ಹರಿವು ತೋರಿಸುವ ಡಾಪ್ಲರ್ ಅಲ್ಟ್ರಾಸೌಂಡಿನಲ್ಲಿ ಕಣ್ಣಿಗೆ ಕಾಣುತ್ತವೆ. ಅಲ್ಲಿಗೆ ಇನ್ನಷ್ಟು ರಕ್ತನಾಳ ಬೆಳೆಸಿದರೆ ಒಳ್ಳೆಯದಾ ಕೆಟ್ಟದ್ದಾ? ಕತ್ತರಿಸಿದ ಇಲಿ ಟೆಂಡನ್ ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ.

ಮನುಷ್ಯರ ವಿಷಯಕ್ಕೆ ಬಂದರೆ ಕೈಗೆ ಸಿಗುವುದು ಬಹಳ ಕಡಿಮೆ. ಮೊಣಕಾಲಿಗೆ ಚುಚ್ಚಿಸಿಕೊಂಡ ಬೆರಳೆಣಿಕೆಯಷ್ಟು ಜನರ ಹಳೆಯ ದಾಖಲೆ ನೋಡಿ ಬರೆದ ಒಂದು ವರದಿ, ಅದರಲ್ಲಿ ಪ್ಲಸೀಬೊ ಗುಂಪೇ ಇಲ್ಲ. ಮೂತ್ರಕೋಶದ ದೀರ್ಘಕಾಲದ ನೋವಿದ್ದ 12 ಮಹಿಳೆಯರ ಮೇಲೆ ಒಂದು ಪುಟ್ಟ ಪ್ರಯೋಗ. ಇಬ್ಬರಿಗೆ ರಕ್ತನಾಳದ ಮೂಲಕ ಕೊಟ್ಟು ಸುರಕ್ಷತೆ ನೋಡಿದ ಇನ್ನೊಂದು. 2015ರಲ್ಲಿ 42 ಆರೋಗ್ಯವಂತರ ಮೇಲೆ ಸುರಕ್ಷತೆ ನೋಡುವ ಮೊದಲ ಹಂತದ ಟ್ರಯಲ್ (ಮನುಷ್ಯರ ಮೇಲಿನ ಪರೀಕ್ಷೆ) ಅಂತ ನೋಂದಾಯಿಸಿದ್ದರು, ಅದರ ಫಲಿತಾಂಶವನ್ನು ಪ್ರಕಟಿಸಲೇ ಇಲ್ಲ. ಮೂವತ್ತು ವರ್ಷ ಇಲಿಗಳಲ್ಲಿ ಇಷ್ಟು ಚೆನ್ನಾಗಿ ಕೆಲಸ ಮಾಡಿದ ವಸ್ತುವಿಗೆ ಮನುಷ್ಯರಲ್ಲಿ ಇಷ್ಟೇ ಇರುವುದು ನನಗೆ ಸ್ವಲ್ಪ ಅನುಮಾನ ಹುಟ್ಟಿಸುತ್ತದೆ. ಪ್ರಯೋಗಗಳಲ್ಲಿ ಬಹುಪಾಲು ಒಂದೇ ತಂಡದಿಂದ ಬಂದಿವೆ ಅನ್ನುವುದೂ ಆ ಅನುಮಾನಕ್ಕೆ ಸೇರಿಕೊಳ್ಳುತ್ತದೆ.

ಸುರಕ್ಷತೆ? ಪ್ರಾಣಿಗಳಲ್ಲಿ ದೊಡ್ಡ ವಿಷಗುಣ ಕಂಡಿಲ್ಲ. ಪ್ರಾಣಿಗಳ ದೇಹದಿಂದ ಬೇಗ ಹೊರಟೂ ಹೋಗುತ್ತದೆ, ಅರ್ಧ ಗಂಟೆಯೊಳಗೆ ರಕ್ತದಲ್ಲಿನ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಭಯ ಇರುವುದು ಬೇರೆ ಕಡೆ. ರಕ್ತನಾಳ ಬೆಳೆಸುವ ಅದೇ ವಿಇಜಿಎಫ್ ದಾರಿಯನ್ನು ಗೆಡ್ಡೆಗಳೂ ಬಳಸಿಕೊಳ್ಳುತ್ತವೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಆ ದಾರಿಯನ್ನು ಮುಚ್ಚಲೆಂದೇ ಔಷಧಿಗಳಿವೆ. ಬಿಪಿಸಿಯಿಂದ ಕ್ಯಾನ್ಸರ್ ಬಂದಿದೆ ಅಂತ ಯಾರೂ ತೋರಿಸಿಲ್ಲ. ಬರುವುದಿಲ್ಲ ಅಂತಲೂ ಯಾರೂ ತೋರಿಸಿಲ್ಲ, ಯಾಕೆಂದರೆ ವರ್ಷಗಟ್ಟಲೆ ಮನುಷ್ಯರನ್ನು ಗಮನಿಸಿದ ಅಧ್ಯಯನವೇ ಇಲ್ಲ. ಕ್ಯಾನ್ಸರ್ ಇರುವವರು, ಹಿಂದೆ ಬಂದು ಹೋದವರು ಇದರ ಹತ್ತಿರವೂ ಸುಳಿಯಬಾರದು ಅನ್ನುವುದು ನನ್ನ ಗಟ್ಟಿ ನಿಲುವು.

ನಿಯಮ: ಕ್ರೀಡೆಯಲ್ಲಿ ಉದ್ದೀಪನ ಮದ್ದು ತಡೆಯುವ ವಿಶ್ವ ಸಂಸ್ಥೆ ವಾಡಾ 2022ರಿಂದ ಬಿಪಿಸಿ-157 ಹೆಸರನ್ನು ನಿಷೇಧಿತ ಪಟ್ಟಿಯಲ್ಲಿ ಹಾಕಿದೆ, ಎಲ್ಲೂ ಔಷಧಿಯಾಗಿ ಒಪ್ಪಿಗೆ ಪಡೆಯದ ವಸ್ತುಗಳ ಗುಂಪಿನಲ್ಲಿ. ಸ್ಪರ್ಧೆ ಇರಲಿ, ಬಿಡಲಿ, ವರ್ಷವಿಡೀ ನಿಷೇಧ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರಲ್ಲಿ ಇದನ್ನು ಔಷಧಿ ಅಂಗಡಿಗಳು ತಾವೇ ತಯಾರಿಸಿಕೊಟ್ಟರೆ ಗಂಭೀರ ಅಪಾಯ ಇರಬಹುದಾದ ವಸ್ತುಗಳ ಸಾಲಿಗೆ ಸೇರಿಸಿತು. ಕಾರಣಗಳು ಮೂರು: ದೇಹದ ರೋಗನಿರೋಧಕ ಶಕ್ತಿ ಅದರ ಮೇಲೆ ತಿರುಗಿ ಬೀಳಬಹುದು, ತಯಾರಿಕೆಯಲ್ಲಿ ಕಲಬೆರಕೆ ತುಣುಕು ಉಳಿಯಬಹುದು, ಮನುಷ್ಯರ ಮಾಹಿತಿ ಸಾಲದು.

ಮಾತ್ರೆ ರೂಪದ ಬಿಪಿಸಿ ಬಗ್ಗೆಯೂ ಕೇಳುತ್ತಾರೆ. ಜಠರರಸದಲ್ಲಿ ಅದು ಬೇಗ ಒಡೆಯುವುದಿಲ್ಲ ಅಂತ ಝಾಗ್ರೆಬ್ ತಂಡ ಹೇಳುತ್ತದೆ, ಇಲಿಗಳಿಗೆ ಕುಡಿಯುವ ನೀರಿನಲ್ಲಿ ಕೊಟ್ಟೂ ನೋಡಿದ್ದಾರೆ. ಹೊಟ್ಟೆಯ ತೊಂದರೆಗೆ ಮಾತ್ರೆ ಅಂದರೆ ತರ್ಕವಾದರೂ ಇದೆ. ಭುಜದ ನೋವಿಗೆ ಮಾತ್ರೆ ಅಂದರೆ ಅದೂ ಇಲ್ಲ. ಚುಚ್ಚುವುದಕ್ಕಿಂತ ಸೋಂಕಿನ ಭಯ ಕಡಿಮೆ ಅನ್ನುವುದೊಂದೇ ಅದರ ಹೆಚ್ಚುಗಾರಿಕೆ.

ಟಿಬಿ-500

ನಮ್ಮ ದೇಹದಲ್ಲಿ ಥೈಮೋಸಿನ್ ಬೀಟಾ-4 ಅಂತ 43 ಅಮೈನೋ ಆಮ್ಲಗಳ ಒಂದು ಪೆಪ್ಟೈಡ್ ಇದೆ. ಜೀವಕೋಶಗಳು ಗಾಯದ ಕಡೆ ಸರಿಯಲು ಬೇಕಾದ ಆಕ್ಟಿನ್ ಎಂಬ ಪ್ರೋಟೀನನ್ನು ಅದು ಹಿಡಿದು ನಿಭಾಯಿಸುತ್ತದೆ. ಟಿಬಿ-500 ಅಂದರೆ ಸಾಮಾನ್ಯವಾಗಿ ಅದರ ಮಧ್ಯದ ಏಳು ಅಮೈನೋ ಆಮ್ಲಗಳ ತುಣುಕು. ಇಲ್ಲೇ ಒಂದು ಕೈಚಳಕ ನಡೆಯುತ್ತದೆ, ಗಮನಿಸಿ. ಮಾರುವವರು ತೋರಿಸುವ ಸಂಶೋಧನೆ ಪೂರ್ತಿ 43ರದ್ದು, ಸೀಸೆಯಲ್ಲಿ ಇರುವುದು ಏಳರದ್ದು. ಕೆಲವೊಮ್ಮೆ ಪೂರ್ತಿಯದನ್ನೂ ಇದೇ ಹೆಸರಲ್ಲಿ ಮಾರುತ್ತಾರೆ. ಯಾವುದು ಸಿಕ್ಕಿತು ಅಂತ ಕೊಂಡವನಿಗೆ ಗೊತ್ತಾಗುವುದಿಲ್ಲ.

ಪೂರ್ತಿ ಥೈಮೋಸಿನ್ ಬೀಟಾ-4 ಮನುಷ್ಯರ ಪರೀಕ್ಷೆಯಲ್ಲಿ ಬಿಪಿಸಿಗಿಂತ ಮುಂದೆ ಹೋಗಿದೆ ಅನ್ನುವುದನ್ನು ಒಪ್ಪಬೇಕು. ಒಣಗುವ ಕಣ್ಣಿಗೆ, ವಾಸಿಯಾಗದ ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಗಾಯಕ್ಕೆ ಕಣ್ಣಿನ ಹನಿಯಾಗಿ ಮೂರನೇ ಹಂತದ ಟ್ರಯಲ್‌ವರೆಗೂ ಹೋಯಿತು. ಕಾರ್ನಿಯಾ ಗಾಯದಲ್ಲಿ ಆಸೆ ಹುಟ್ಟಿಸುವ ಫಲಿತಾಂಶ ಬಂತು, ಆದರೆ ಪರೀಕ್ಷೆಯಲ್ಲಿ ಇದ್ದದ್ದು 18 ಜನ. ಒಣಕಣ್ಣಿನ ದೊಡ್ಡ ಟ್ರಯಲ್‌ಗಳಲ್ಲಿ ಮೊದಲೇ ಇಟ್ಟುಕೊಂಡ ಗುರಿ ಮುಟ್ಟಲಿಲ್ಲ. ಟೆಂಡನ್ ನೋವಿಗೆ ಚುಚ್ಚಿ ನೋಡಿದ ಒಳ್ಳೆಯ ಟ್ರಯಲ್ ಅಂತ ತೋರಿಸಲು ಏನೂ ಇಲ್ಲ.

ಕ್ರೀಡಾಪಟುಗಳು ಆಸ್ಟ್ರೇಲಿಯಾದ ಎಸೆಂಡನ್ ಫುಟ್‌ಬಾಲ್ ಕ್ಲಬ್ಬಿನ ಕಥೆ ತಿಳಿದಿರಬೇಕು. ನಿಷೇಧಿತ ಥೈಮೋಸಿನ್ ಬೀಟಾ-4 ಚುಚ್ಚಿಸಿಕೊಂಡ ಪ್ರಕರಣದಲ್ಲಿ 2016ರ ಜನವರಿಯಲ್ಲಿ ಕ್ರೀಡಾ ನ್ಯಾಯಮಂಡಳಿ ಆ ತಂಡದ ಹಾಲಿ ಮತ್ತು ಮಾಜಿ 34 ಆಟಗಾರರಿಗೆ ಎರಡು ವರ್ಷ ನಿಷೇಧ ಹಾಕಿತು. ಕ್ಲಬ್ಬೇ ಕೊಡಿಸಿದ ಇಂಜೆಕ್ಷನ್ ಅನ್ನುವುದು ಅವರನ್ನು ಉಳಿಸಲಿಲ್ಲ.

ಬಿಪಿಸಿಗೂ ಟಿಬಿಗೂ ನಡುವೆ ಆರಿಸಲೇಬೇಕು ಅಂತ ಯಾರಾದರೂ ಹಟ ಹಿಡಿದರೆ ಟೆಂಡನ್ ಪ್ರಾಣಿಪ್ರಯೋಗಗಳು ಬಿಪಿಸಿ ಕಡೆ ಜಾಸ್ತಿ ಇವೆ ಅಂತ ಹೇಳಬಹುದು, ಅಷ್ಟೇ. ಎರಡನ್ನೂ ಸೇರಿಸಿ ಹಾಕಿಕೊಳ್ಳುವ "ಸ್ಟ್ಯಾಕ್" ಬಗ್ಗೆ ಹೇಳಲು ಹೆಚ್ಚೇನಿಲ್ಲ. ಒಂದೊಂದರ ಅಳತೆಯೇ ಗೊತ್ತಿಲ್ಲದಾಗ ಎರಡನ್ನು ಬೆರೆಸಿದರೆ, ಅಲರ್ಜಿ ಆದರೂ ಗುಣವಾದರೂ ಯಾವುದರಿಂದ ಅಂತ ಹೇಳಲು ಬರುವುದಿಲ್ಲ.

ಜಿಎಚ್‌ಕೆ ತಾಮ್ರ

ಮೂರೇ ಅಮೈನೋ ಆಮ್ಲ, ಜೊತೆಗೆ ಒಂದು ತಾಮ್ರದ ಅಯಾನ್. ಲೊರೆನ್ ಪಿಕಾರ್ಟ್ 1973ರಲ್ಲಿ ಮನುಷ್ಯರ ರಕ್ತದ ಪ್ಲಾಸ್ಮಾದಲ್ಲಿ ಇದನ್ನು ಗುರುತಿಸಿದರು. ಮುಖಕ್ಕೆ ಹಚ್ಚುವ ಕ್ರೀಮು, ಸೀರಮ್‌ಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಹಚ್ಚಿಕೊಂಡರೆ ಚರ್ಮಕ್ಕೆ ಸ್ವಲ್ಪ ಲಾಭ ಇರಬಹುದು ಅನ್ನುವ ಸಣ್ಣ ಅಧ್ಯಯನಗಳಿವೆ, ಅಪಾಯವೂ ಕಡಿಮೆ. ಅದೇ ವಸ್ತುವನ್ನು ಚುಚ್ಚಿಕೊಳ್ಳುವುದು ಪೂರ್ತಿ ಬೇರೆ ವಿಷಯ. ಹಚ್ಚಿದ್ದರ ಸುರಕ್ಷತೆ ತೋರಿಸಿ ಚುಚ್ಚುವುದನ್ನು ಒಪ್ಪಿಸಲು ಯಾರಾದರೂ ಬಂದರೆ ಅಲ್ಲೇ ನಿಲ್ಲಿಸಿ. ಮೊಣಕೈ, ಹಿಮ್ಮಡಿ ನೋವಿಗೆ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ.

ಪರೀಕ್ಷೆ ಪಾಸಾದ ಪೆಪ್ಟೈಡ್‌ಗಳೂ ಇವೆ

"ಪೆಪ್ಟೈಡ್ ಅಂದ್ರೆ ಡಾಕ್ಟರಿಗೆ ಆಗಲ್ಲ" ಅನ್ನುವವರಿಗೆ ಇದು. ಗಾಯ, ಮೂಳೆ, ಕರುಳು ರಿಪೇರಿಗೆ ಒಪ್ಪಿಗೆ ಪಡೆದ ಇಂಥ ಔಷಧಿಗಳು ಇವೆ. ಅವುಗಳ ಕಥೆ ನೋಡಿದರೆ ಬಿಪಿಸಿಗೆ ಏನು ಬಾಕಿ ಇದೆ ಅಂತ ತಿಳಿಯುತ್ತದೆ.

ಟೆರಿಪರಟೈಡ್ ಮೂಳೆ ಸವೆತಕ್ಕೆ. 34 ಅಮೈನೋ ಆಮ್ಲ, ದಿನಕ್ಕೆ 20 ಮೈಕ್ರೋಗ್ರಾಂ ಚುಚ್ಚುಮದ್ದು. ಅಮೆರಿಕದಲ್ಲಿ 2002ರಲ್ಲಿ ಒಪ್ಪಿಗೆ ಸಿಕ್ಕಿತು, ಆದರೆ ಇಲಿಗಳಲ್ಲಿ ಮೂಳೆ ಕ್ಯಾನ್ಸರ್ ಕಂಡಿದ್ದರಿಂದ ಡಬ್ಬಿಯ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಅಂಟಿಸಿದರು. ವರ್ಷಗಟ್ಟಲೆ ಬಳಸಿದವರನ್ನು ಗಮನಿಸಿ, ಮನುಷ್ಯರಲ್ಲಿ ಹಾಗಾಗುತ್ತಿಲ್ಲ ಅಂತ ಕಂಡ ಮೇಲೆ 2020ರಲ್ಲಿ ಅದನ್ನು ತೆಗೆದರು. ಇಲಿ ಎರಡೂ ಕಡೆ ದಾರಿ ತಪ್ಪಿಸುತ್ತದೆ: ಅಲ್ಲಿ ಕಂಡ ಅಪಾಯ ಇಲ್ಲಿ ಬಾರದೆ ಇರಬಹುದು, ಅಲ್ಲಿ ಕಂಡ ಪವಾಡವೂ ಇಲ್ಲಿ ನಡೆಯದೆ ಇರಬಹುದು.

ಟೆಡುಗ್ಲುಟೈಡ್ ಕರುಳಿಗೆ, ಅದೂ ಕರುಳಿನ ಬಹುಭಾಗ ಕಳೆದುಕೊಂಡವರಿಗೆ. ಒಳಪದರವನ್ನು ಬೆಳೆಸಿ ಆಹಾರ ಹೀರುವ ಶಕ್ತಿ ಹೆಚ್ಚಿಸುತ್ತದೆ. ಬೆಳೆಸುವ ಔಷಧಿ ಆದ್ದರಿಂದಲೇ ದೊಡ್ಡವರಿಗೆ ಶುರು ಮಾಡುವ ಮೊದಲು ಕೊಲೊನೊಸ್ಕೋಪಿ (ಕ್ಯಾಮೆರಾದಿಂದ ಕರುಳಿನ ಪರೀಕ್ಷೆ) ಮಾಡಿ ಪಾಲಿಪ್, ಅಂದರೆ ಒಳಗೆ ಬೆಳೆದ ಗಂಟು ಇದೆಯಾ ನೋಡುತ್ತಾರೆ, ಆಮೇಲೂ ನೋಡುತ್ತಿರುತ್ತಾರೆ. ಬಿಪಿಸಿ ತೆಗೆದುಕೊಳ್ಳುವವರಿಗೆ ಯಾವ ಪರೀಕ್ಷೆ, ಎಷ್ಟು ತಿಂಗಳಿಗೊಮ್ಮೆ? ಯಾವ ನಿಯಮವೂ ಇಲ್ಲ.

ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಹಚ್ಚುವ ಬೆಕಾಪ್ಲರ್ಮಿನ್ ಜೆಲ್ 1997ರಿಂದ ಇದೆ. ಇದು ಪೆಪ್ಟೈಡ್‌ಗಿಂತ ದೊಡ್ಡದಾದ ಬೆಳವಣಿಗೆಯ ಪ್ರೋಟೀನ್. ಇದಕ್ಕೂ 2008ರಲ್ಲಿ ಕ್ಯಾನ್ಸರ್ ಎಚ್ಚರಿಕೆ ಸೇರಿತು, ಹೆಚ್ಚು ವರ್ಷಗಳ ಮಾಹಿತಿ ಬಂದ ಮೇಲೆ 2018ರಲ್ಲಿ ಆ ಚೌಕಟ್ಟು ಹೋಯಿತು.

ನಿಮಗೆ ಈ ಮೂರರಲ್ಲಿ ಒಂದು ಕಾಯಿಲೆ ಇದ್ದರೆ, ಇಂಟರ್‌ನೆಟ್ಟಿನ ಸೀಸೆ ಹುಡುಕುವ ಮೊದಲು ಇವುಗಳ ಬಗ್ಗೆ ಡಾಕ್ಟರನ್ನು ಕೇಳಿ. ಇವು ದುಬಾರಿ, ಅದರಲ್ಲೂ ಟೆಡುಗ್ಲುಟೈಡ್ ವಿಪರೀತ ದುಬಾರಿ. ಆದರೆ ಅಳತೆ ಗೊತ್ತು, ಅಪಾಯ ಗೊತ್ತು, ಯಾರಿಗೆ ಕೊಡಬಾರದು ಅನ್ನುವುದೂ ಗೊತ್ತು.

ಚುಚ್ಚದೆ ಕುಡಿಯುವ ಕೊಲಾಜೆನ್ ಪುಡಿಯೂ ಪೆಪ್ಟೈಡೇ. 2017ರ ಒಂದು ಅಧ್ಯಯನದಲ್ಲಿ 8 ಆರೋಗ್ಯವಂತ ಯುವಕರು ವಿಟಮಿನ್ ಸಿ ಸೇರಿಸಿದ 15 ಗ್ರಾಂ ಜೆಲಾಟಿನ್ ಕುಡಿದು, ಒಂದು ಗಂಟೆ ಬಿಟ್ಟು ಆರು ನಿಮಿಷ ಹಗ್ಗ ಹಾರಿದರು (ಸ್ಕಿಪ್ಪಿಂಗ್). ಕೊಲಾಜೆನ್ ತಯಾರಿಕೆಯ ಗುರುತು ರಕ್ತದಲ್ಲಿ ಹೆಚ್ಚಾಯಿತು. ಅವರಿಗೆ ಗಾಯ ಇರಲಿಲ್ಲ ಅನ್ನುವುದು ನೆನಪಿರಲಿ. ಹಾನಿ ಕಡಿಮೆ, ಖರ್ಚು ಕಡಿಮೆ, ಲಾಭ ಇದ್ದರೂ ಸಣ್ಣದು. ವ್ಯಾಯಾಮದ ಜೊತೆಗೆ ಬೇಕಾದರೆ ತೆಗೆದುಕೊಳ್ಳಿ, ವ್ಯಾಯಾಮದ ಬದಲಿಗೆ ಬೇಡ.

ಪೆಪ್ಟೈಡ್ ಅಲ್ಲದ ದಾರಿಗಳು

ಸ್ಟೀರಾಯ್ಡ್ ಇಂಜೆಕ್ಷನ್ ಬೇಗ ನೋವು ಇಳಿಸುತ್ತದೆ, ಅದರಲ್ಲಿ ಸುಳ್ಳಿಲ್ಲ. ಆಮೇಲಿನ ಕಥೆಯೇ ಬೇರೆ. ಟೆನಿಸ್ ಎಲ್ಬೋ (ಮೊಣಕೈ ಹೊರಬದಿಯ ಟೆಂಡನ್ ನೋವು) ಇದ್ದ 165 ಜನರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಟ್ರಯಲ್‌ನಲ್ಲಿ, ಒಂದು ವರ್ಷದೊಳಗೆ ನೋವು ಮರುಕಳಿಸಿದ್ದು ಸ್ಟೀರಾಯ್ಡ್ ಪಡೆದವರಲ್ಲಿ ಶೇ. 54, ಹುಸಿ ಇಂಜೆಕ್ಷನ್ ಪಡೆದವರಲ್ಲಿ ಶೇ. 12. ಅಂದರೆ ಮುಂದಿನ ವಾರ ತಪ್ಪಿಸಲಾಗದ ಕೆಲಸ ಇದೆ, ಕೈ ಎತ್ತಲೂ ಆಗುತ್ತಿಲ್ಲ ಅನ್ನುವಾಗ ಯೋಚಿಸಬಹುದಾದ ಆಯ್ಕೆ. ಮೊದಲ ಆಯ್ಕೆ ಅಂತೂ ಅಲ್ಲ.

ಪಿಆರ್‌ಪಿ ಅಂದರೆ ನಿಮ್ಮದೇ ರಕ್ತ ತೆಗೆದು, ತಿರುಗಿಸಿ, ಪ್ಲೇಟ್‌ಲೆಟ್ ಹೆಚ್ಚಿರುವ ಭಾಗವನ್ನು ನೋವಿನ ಜಾಗಕ್ಕೆ ಚುಚ್ಚುವುದು. ಇದರಲ್ಲೂ ಬೆಳವಣಿಗೆಯ ಅಂಶಗಳಿವೆ, ಇದಕ್ಕೂ ಪ್ರಾಣಿಪ್ರಯೋಗದ ಬೆಂಬಲ ಇತ್ತು, ಇದನ್ನೂ ಆಟಗಾರರು ಹೊಗಳಿದ್ದರು. ಆಮೇಲೆ ಅಕಿಲಿಸ್ ನೋವಿನ 240 ಜನರ ಮೇಲೆ ಹುಸಿ ಇಂಜೆಕ್ಷನ್ ಎದುರು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದಾಗ, ಆರು ತಿಂಗಳ ನಂತರ ಎರಡೂ ಗುಂಪುಗಳಲ್ಲಿ ವ್ಯತ್ಯಾಸ ಇರಲಿಲ್ಲ. ಬಿಪಿಸಿ ಬಗ್ಗೆ ಉತ್ಸಾಹ ಏರಿದಾಗೆಲ್ಲ ನಾನು ಈ ಟ್ರಯಲ್ ನೆನಪು ಮಾಡಿಕೊಳ್ಳುತ್ತೇನೆ, ಯಾಕೆಂದರೆ ಬಿಪಿಸಿ ಇವತ್ತು ನಿಂತಿರುವ ಜಾಗದಲ್ಲೇ ಪಿಆರ್‌ಪಿ ಒಂದು ಕಾಲಕ್ಕೆ ನಿಂತಿತ್ತು.

ಇನ್ನು ವ್ಯಾಯಾಮ. ಬೋರು, ಗೊತ್ತು. ಆದರೆ ಟೆಂಡನ್ ನೋವಿಗೆ ಪುರಾವೆ ಗಟ್ಟಿ ಇರುವುದು ಇಲ್ಲೇ. ಸ್ವೀಡನ್ನಿನ ಹೋಕನ್ ಆಲ್ಫ್ರೆಡ್ಸನ್ ತಂಡ 1998ರಲ್ಲಿ ಪ್ರಕಟಿಸಿದ ಕ್ರಮ ಹೀಗಿದೆ. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲಿನ ಮೇಲೆ ನಿಲ್ಲಿ, ಹಿಮ್ಮಡಿ ಗಾಳಿಯಲ್ಲಿರಲಿ. ಚೆನ್ನಾಗಿರುವ ಕಾಲಿನ ಬಲದಿಂದ ಮೇಲೇಳಿ. ಆಮೇಲೆ ಆ ಕಾಲನ್ನು ಎತ್ತಿಕೊಳ್ಳಿ. ನೋಯುವ ಕಾಲಿನ ಮೇಲೆ ಮಾತ್ರ ನಿಧಾನವಾಗಿ ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಗಿಳಿಸಿ. ಮೊಣಕಾಲು ನೇರ ಇಟ್ಟು 15ರಂತೆ ಮೂರು ಸಲ, ಸ್ವಲ್ಪ ಮಡಚಿ 15ರಂತೆ ಮೂರು ಸಲ. ದಿನಕ್ಕೆ ಎರಡು ಹೊತ್ತು, 12 ವಾರ. ಮಾಡುವಾಗ ಸ್ವಲ್ಪ ನೋವು ಇದ್ದರೆ ಮುಂದುವರಿಸಬಹುದು, ಕಾಲು ಊರಲಾಗದಷ್ಟು ನೋವಾದರೆ ನಿಲ್ಲಿಸಬೇಕು. ಸಲೀಸಾದ ಮೇಲೆ ಬೆನ್ನಿಗೆ ಭಾರದ ಚೀಲ ಹಾಕಿಕೊಳ್ಳುವುದು. ಆ ಅಧ್ಯಯನದ 15 ಜನರೂ ಮತ್ತೆ ಓಡಲು ಶುರು ಮಾಡಿದರು. ಅದೂ ಸಣ್ಣ ಅಧ್ಯಯನವೇ, ಆದರೆ ಹೊರೆ ಹಾಕಿ ಟೆಂಡನ್ ಗಟ್ಟಿ ಮಾಡುವ ಈ ವಿಧಾನವನ್ನು ಆಮೇಲೆ ಬೇರೆ ಬೇರೆ ತಂಡಗಳು ಮತ್ತೆ ಮತ್ತೆ ಪರೀಕ್ಷಿಸಿವೆ.

ನೋವು ಹಿಮ್ಮಡಿ ಮೂಳೆಗೆ ಟೆಂಡನ್ ಅಂಟುವ ಜಾಗದಲ್ಲೇ ಇದ್ದರೆ ಮೆಟ್ಟಿಲಿಗಿಂತ ಕೆಳಗೆ ಇಳಿಸಬೇಡಿ, ಸಮನೆಲದ ಮೇಲೆ ಮಾಡಿ. ದಿನಕ್ಕೆ ಎರಡು ಹೊತ್ತು ಆಗುವುದೇ ಇಲ್ಲ ಅನ್ನುವವರಿಗೆ ವಾರಕ್ಕೆ ಮೂರು ದಿನ ಭಾರ ಹಾಕಿ ನಿಧಾನವಾಗಿ ಮಾಡುವ ಕ್ರಮವಿದೆ. 2015ರಲ್ಲಿ ಡೆನ್ಮಾರ್ಕಿನವರು ಎರಡನ್ನೂ ಹೋಲಿಸಿದಾಗ ಫಲ ಸಮಸಮ ಬಂತು.

"ಫಿಸಿಯೋ ಮಾಡಿದೆ, ಕೆಲಸ ಮಾಡ್ಲಿಲ್ಲ" ಅನ್ನುವವರನ್ನು ವಿಚಾರಿಸಿದರೆ ಬಹಳ ಸಲ ಸಿಗುವ ಉತ್ತರ ಬಿಸಿ ಕಾವು, ಕರೆಂಟು, ರಬ್ಬರ್ ಬ್ಯಾಂಡು, ಮೂರು ವಾರ. ಅದು ಈ ಚಿಕಿತ್ಸೆಯೇ ಅಲ್ಲ. 12 ವಾರ ಭಾರ ಹೆಚ್ಚಿಸುತ್ತಾ ಹೋಗಿದ್ದೀರಾ ಅನ್ನುವುದು ಪ್ರಶ್ನೆ.

ಆ ಪುಟ್ಟ ಸೀಸೆಯ ಒಳಗೆ

ನಾಲ್ಕನೇ ಪ್ರಶ್ನೆಯನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಬೆರಳುದ್ದದ ಗಾಜಿನ ಸೀಸೆ, ರಬ್ಬರ್ ಬಿರಡೆ, ತಳದಲ್ಲಿ ಬಿಳಿ ಪುಡಿಯ ತೆಳು ಬಿಲ್ಲೆ. ಲೇಬಲ್ಲಿನ ಮೇಲೆ ಸಣ್ಣ ಅಕ್ಷರದಲ್ಲಿ "ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ" ಅಂತಿರುತ್ತದೆ. ಆ ಸಾಲು ಮಾರುವವನನ್ನು ಕಾಪಾಡಲು ಇದೆ. ಔಷಧಿಗೆ ಬೇಕಾದ ಯಾವ ತಪಾಸಣೆಯೂ ಆಗಿಲ್ಲ ಅಂತ ಅವನೇ ಬರೆದುಕೊಟ್ಟ ಹಾಗೆ.

ಜೊತೆಗೆ "ಶೇ. 99 ಶುದ್ಧ" ಅಂತ ಒಂದು ಸರ್ಟಿಫಿಕೇಟ್. ಸಿಕ್ಕಿದ ಪೆಪ್ಟೈಡಿನಲ್ಲಿ ಬೇರೆ ಪೆಪ್ಟೈಡ್ ತುಣುಕುಗಳು ಎಷ್ಟು ಕಡಿಮೆ ಅನ್ನುವುದನ್ನಷ್ಟೇ ಆ ಸಂಖ್ಯೆ ಹೇಳುತ್ತದೆ. ಪುಡಿಯ ತೂಕದಲ್ಲಿ ನೀರು, ಲವಣ ಎಷ್ಟು ಸೇರಿದೆ ಅಂತ ಹೇಳುವುದಿಲ್ಲ. ಕ್ರಿಮಿ ಇದೆಯಾ ಅಂತ ಹೇಳುವುದಿಲ್ಲ. ಬ್ಯಾಕ್ಟೀರಿಯಾ ಸತ್ತ ಮೇಲೂ ಉಳಿಯುವ ಎಂಡೋಟಾಕ್ಸಿನ್ ಇದೆಯಾ ಅಂತಲೂ ಹೇಳುವುದಿಲ್ಲ, ಚುಚ್ಚಿಕೊಂಡರೆ ಚಳಿಜ್ವರ ತರಿಸುವುದು ಅದೇ. ಆ ಸರ್ಟಿಫಿಕೇಟ್ ನಿಮ್ಮ ಕೈಯಲ್ಲಿರುವ ಸೀಸೆಯ ಬ್ಯಾಚಿನದ್ದೇನಾ ಅನ್ನುವುದು ಇನ್ನೊಂದು ಪ್ರಶ್ನೆ. ಆಮೇಲೆ ಮನೆಯಲ್ಲೇ ನೀರು ಬೆರೆಸಿ, ಇನ್ಸುಲಿನ್ ಸಿರಿಂಜಿನಲ್ಲಿ ಗೆರೆ ಎಣಿಸಿ ಎಳೆಯುವುದು. ಮಿಲಿಗ್ರಾಂ, ಮೈಕ್ರೋಗ್ರಾಂ ನಡುವೆ ಲೆಕ್ಕ ತಪ್ಪಿದರೆ ಸಾವಿರ ಪಟ್ಟು ವ್ಯತ್ಯಾಸ.

ಹಾಗಾದರೆ ನಿಮಗೆ ಯಾವುದು?

ಟೆಂಡನ್ ನೋವು ಶುರುವಾಗಿ ಕೆಲವು ತಿಂಗಳಾಗಿದೆ, ಕೈಯಲ್ಲಿ ದುಡ್ಡು ಕಡಿಮೆ: ವ್ಯಾಯಾಮ. ಒಂದೆರಡು ಸಲ ಒಳ್ಳೆಯ ಫಿಸಿಯೋ ಹತ್ತಿರ ಕ್ರಮ ಕಲಿತು ಮನೆಯಲ್ಲೇ ಮಾಡಿ. ಬೇರೆ ಯಾವುದೂ ಇಷ್ಟು ಅಗ್ಗವಾಗಿ ಇಷ್ಟು ಕೊಡುವುದಿಲ್ಲ.

ದುಡ್ಡಿದೆ, ಸಮಯ ಇಲ್ಲ: ನಿಮಗೇ ಪೆಪ್ಟೈಡ್ ಮಾರುವವರು ಜಾಸ್ತಿ ಗಂಟು ಬೀಳುವುದು. ಆ ದುಡ್ಡನ್ನು ಸರಿಯಾದ ರೋಗನಿರ್ಣಯಕ್ಕೆ ಹಾಕಿ ಅಂತೀನಿ. ಟೆಂಡನ್ ನೋವು ಅಂದುಕೊಂಡದ್ದು ಪೂರ್ತಿ ಹರಿದ ಟೆಂಡನ್ ಆಗಿರಬಹುದು, ಕತ್ತಿನಿಂದ ಬರುವ ನರದ ನೋವಾಗಿರಬಹುದು, ಸಂಧಿವಾತ ಆಗಿರಬಹುದು. ಇವುಗಳಲ್ಲಿ ಯಾವುದಕ್ಕೂ ಬಿಪಿಸಿ ಉತ್ತರ ಅಲ್ಲ.

ಡೋಪಿಂಗ್ ಪರೀಕ್ಷೆಗೆ ಒಳಪಡುವ ಆಟಗಾರ: ಬಿಪಿಸಿ, ಟಿಬಿ ಎರಡೂ ಬೇಡ, ಚರ್ಚೆಯೇ ಇಲ್ಲ.

ಹೊಟ್ಟೆ, ಕರುಳಿನ ಹುಣ್ಣು: ಇದಕ್ಕೆ ಪರೀಕ್ಷೆಯಾದ ಔಷಧಿಗಳು ಸಾಕಷ್ಟಿವೆ. ಹೆಲಿಕೊಬ್ಯಾಕ್ಟರ್ ಬ್ಯಾಕ್ಟೀರಿಯಾ ಇದೆಯಾ ನೋಡಿಸದೆ, ನೋವು ಮಾತ್ರೆಗಳನ್ನು ನಿಲ್ಲಿಸದೆ ಬಿಪಿಸಿ ಮಾತ್ರೆ ನುಂಗುವುದು ಸುಮ್ನೆ ಕಾಲಹರಣ. ಮಲ ಕಪ್ಪಾಗಿದ್ದರೆ, ತೂಕ ಇಳಿಯುತ್ತಿದ್ದರೆ ಕಾಯಲೇಬೇಡಿ.

12 ವಾರ ವ್ಯಾಯಾಮ ನಿಜವಾಗಿಯೂ ಮಾಡಿದ್ದೀರಿ, ಕಾಯಿಲೆಯ ಹೆಸರು ಖಚಿತ, ನೋವು ಬಿಟ್ಟಿಲ್ಲ: ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ, ಬಿಪಿಸಿ ಕಡೆ ಮನಸ್ಸು ಎಳೆಯುವುದೂ. ಶಾಕ್‌ವೇವ್ ಚಿಕಿತ್ಸೆ (ನೋವಿನ ಜಾಗಕ್ಕೆ ಒತ್ತಡದ ಅಲೆ ಹಾಯಿಸುವುದು), ಆಪರೇಷನ್ ಬಗ್ಗೆ ಮೂಳೆ ಡಾಕ್ಟರ ಹತ್ತಿರ ಮಾತಾಡಿ. ಬಿಪಿಸಿಯೇ ಬೇಕು ಅಂದರೆ ನೋಂದಾಯಿತ ಕ್ಲಿನಿಕಲ್ ಟ್ರಯಲ್ ನಡೆಯುತ್ತಿದೆಯಾ ಹುಡುಕಿ. ನೈತಿಕ ಸಮಿತಿಯ ಒಪ್ಪಿಗೆ, ನಿಮ್ಮ ಭಾಷೆಯಲ್ಲಿ ಒಪ್ಪಿಗೆ ಪತ್ರ, ಹಾನಿಯಾದರೆ ಚಿಕಿತ್ಸೆ ಯಾರ ಹೊಣೆ ಅನ್ನುವ ಬರಹ, ಈ ಮೂರೂ ಇರಬೇಕು. ಅಲ್ಲಿ ನಿಮಗೆ ಪ್ಲಸೀಬೊ ಸಿಗಬಹುದು, ಸಿಕ್ಕರೂ ಯಾರೋ ನಿಮ್ಮ ರಕ್ತ ಪರೀಕ್ಷೆ ನೋಡುತ್ತಿರುತ್ತಾರೆ.

ಬಸುರಿಯರು, ಹಾಲುಣಿಸುವವರು, ಮಕ್ಕಳು, ಕ್ಯಾನ್ಸರ್ ಬಂದವರು, ಕಣ್ಣಿನ ರೆಟಿನಾದಲ್ಲಿ ರಕ್ತನಾಳದ ತೊಂದರೆ ಇರುವ ಸಕ್ಕರೆ ಕಾಯಿಲೆಯವರು: ಚುಚ್ಚುವ ಪೆಪ್ಟೈಡ್‌ಗಳಿಂದ ದೂರ ಇರಿ.

ಈಗಾಗಲೇ ಹಾಕಿಕೊಳ್ಳುತ್ತಿದ್ದೀರಿ ಅಂದರೆ ಬೈಯುವುದಿಲ್ಲ. ಡಾಕ್ಟರಿಂದ ಮುಚ್ಚಿಡಬೇಡಿ, ಅದರಲ್ಲೂ ಆಪರೇಷನ್ ಮುಂಚೆ. ಸೀಸೆಯನ್ನೂ ಬ್ಯಾಚ್ ನಂಬರನ್ನೂ ಎಸೆಯದೆ ಇಟ್ಟುಕೊಳ್ಳಿ, ಸಿರಿಂಜ್ ಹಂಚಿಕೊಳ್ಳಬೇಡಿ. ಚುಚ್ಚಿದ ಜಾಗ ಕೆಂಪಾಗಿ ಬಿಸಿಯಾಗಿ ಹರಡುತ್ತಿದ್ದರೆ, ಚಳಿಜ್ವರ ಬಂದರೆ, ಮೈಯೆಲ್ಲ ದದ್ದು ಎದ್ದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಉಸಿರು ಕಟ್ಟಿದರೆ, ಮುಖ ಬಾತರೆ ನೇರ ಎಮರ್ಜೆನ್ಸಿಗೆ, ಆ ಸೀಸೆಯನ್ನೂ ಜೊತೆಗೆ ಒಯ್ಯಿರಿ.